ಚೆನ್ನಾಗಿ ಸುಟ್ಟ ಇದ್ದಿಲಿಗೆ ಎನ್‌ಎಂಆರ್‌ನಲ್ಲಿ ಸಿಗ್ನಲ್ ಕಡಿಮೆ ಯಾಕೆ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರ ಕಾಫಿ ತೋಟ. ನಾನು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಕಪಾತು ಮಾಡಿದ ಕಾಫಿ ರೆಂಬೆ ಮತ್ತು ಕಾಫಿ ಹೊಟ್ಟನ್ನು ಹಳೆ ಡ್ರಮ್ಮಿನಲ್ಲಿ ಸುಟ್ಟು ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಮಾಡಿದ್ದೇವೆ. ಎರಡು ಮಾದರಿಗಳನ್ನು ಘನ ಸ್ಥಿತಿಯ ಎನ್‌ಎಂಆರ್ ಪರೀಕ್ಷೆಗೆ (ಆಯಸ್ಕಾಂತದೊಳಗೆ ಪರಮಾಣುವಿನ ನ್ಯೂಕ್ಲಿಯಸ್ ಕೊಡುವ ರೇಡಿಯೊ ಸಿಗ್ನಲ್ ಅಳೆಯುವ ಪರೀಕ್ಷೆ) ಕಳಿಸಿದೆ. 'ಎ' ಅರೆಬರೆ ಸುಟ್ಟದ್ದು, ಕಂದು ಮಿಶ್ರಿತ ಕಪ್ಪು. 'ಬಿ' ಪೂರ್ತಿ ಕೆಂಡವಾದ ಮೇಲೆ ನೀರು ಹಾಕಿ ಆರಿಸಿದ್ದು. ವರದಿಯಲ್ಲಿ 'ಎ'ಗೆ ಜೋರಾದ ಪೀಕ್‌ಗಳಿವೆ. 'ಬಿ'ಗೆ ಸಿಗ್ನಲ್ ತುಂಬ ಕಡಿಮೆ. 128 ಪಿಪಿಎಂನಲ್ಲಿ (ಪೀಕ್ ಎಲ್ಲಿದೆ ಎಂದು ಹೇಳುವ ಅಳತೆ) ಒಂದು ಅಗಲ ಗುಡ್ಡೆ, 78 ಮತ್ತು 178ರಲ್ಲಿ ಎರಡು ಸಣ್ಣ ಗುಡ್ಡೆ, ಅಷ್ಟೇ. ಅವುಗಳ ಪಕ್ಕ 'ಸೆಲ್ಯುಲೋಸ್', 'ಕಾರ್ಬಾಕ್ಸಿಲ್' ಎಂದು ಬರೆದಿದ್ದಾರೆ. ಸುಟ್ಟಷ್ಟೂ ಇಂಗಾಲದ ಪಾಲು ಜಾಸ್ತಿ ಆಗಬೇಕಲ್ವಾ? 'ಬಿ'ಯಲ್ಲಿ ಇಂಗಾಲ ಕಡಿಮೆಯಾ? ಸೆಲ್ಯುಲೋಸ್ ಇನ್ನೂ ಉಳಿದಿದೆಯಾ? ತೋಟಕ್ಕೆ ಹಾಕಿದರೆ ಯಾವುದು ಹೆಚ್ಚು ಕಾಲ ಉಳಿಯುತ್ತದೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 'ಬಿ'ಯಲ್ಲಿ ಇಂಗಾಲ ಕಡಿಮೆ ಎಂದು ಈ ವರದಿಯಿಂದ ತೀರ್ಮಾನಿಸಲು ಬರುವುದಿಲ್ಲ. ಸೆಲ್ಯುಲೋಸ್ ಉಳಿದಿದೆ ಎಂದೂ ಹೇಳಲು ಬರುವುದಿಲ್ಲ. ಆ ಎರಡು ಸಣ್ಣ ಗುಡ್ಡೆಗಳು ನನ್ನ ಪ್ರಕಾರ ನಿಜವಾದ ಪೀಕ್‌ಗಳೇ ಅಲ್ಲ. ನಿಮಗೆ ಮಾಡಿಕೊಟ್ಟ ಪ್ರಯೋಗ 'ಎ'ಗೆ ಸರಿಯಾಗಿದೆ. 'ಬಿ'ಗೆ ಬೇರೆ ಪ್ರಯೋಗ ಬೇಕಿತ್ತು. ಇದೇ ಗೊಂದಲ ಆಕ್ಟಿವೇಟೆಡ್ ಕಾರ್ಬನ್, ಗ್ರಾಫೀನ್, ಬ್ಯಾಟರಿಯ ಕಾರ್ಬನ್ ಎಲ್ಲದರಲ್ಲೂ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಂಗಾಲವನ್ನು ಎನ್‌ಎಂಆರ್‌ನಲ್ಲಿ ನೋಡುವುದು ಮೊದಲೇ ಕಷ್ಟದ ಕೆಲಸ. ನೂರು ಇಂಗಾಲದ ಪರಮಾಣುಗಳಲ್ಲಿ ಸುಮಾರು 99 ಕಾರ್ಬನ್-12. ಅದಕ್ಕೆ ಸ್ಪಿನ್, ಅಂದರೆ ನ್ಯೂಕ್ಲಿಯಸ್ ಪುಟ್ಟ ಆಯಸ್ಕಾಂತದಂತೆ ವರ್ತಿಸುವ ಗುಣ, ಇಲ್ಲ, ಆದ್ದರಿಂದ ಈ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಕಾಣುವುದು ಶೇ 1.1ರಷ್ಟಿರುವ ಕಾರ್ಬನ್-13 ಮಾತ್ರ. ಅದರಲ್ಲೂ ಪೂರ್ತಿ ಸಿಗುವುದಿಲ್ಲ. 400 ಮೆಗಾಹರ್ಟ್ಜ್ ಯಂತ್ರದ 9.4 ಟೆಸ್ಲಾ ಆಯಸ್ಕಾಂತದಲ್ಲಿ, ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ, ಆಯಸ್ಕಾಂತದ ದಿಕ್ಕಿಗಿರುವ ಸ್ಪಿನ್‌ಗಳಿಗೂ ಎದುರು ದಿಕ್ಕಿನವುಗಳಿಗೂ ಇರುವ ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು ಎಂಟು. ನಮಗೆ ಸಿಗ್ನಲ್ ಕೊಡುವುದು ಆ ಎಂಟೇ.

ಇದರ ಜೊತೆಗೆ ಇದ್ದಿಲು ದ್ರವವಲ್ಲ, ಪುಡಿ. ದ್ರವದಲ್ಲಾದರೆ ಅಣುಗಳು ಎಲ್ಲ ದಿಕ್ಕಿಗೂ ಹೊರಳುತ್ತಿರುತ್ತವೆ, ಪೀಕ್ ತಾನಾಗಿಯೇ ಚೂಪಾಗುತ್ತದೆ. ಪುಡಿಯಲ್ಲಿ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಕೂತಿರುತ್ತದೆ. ಒಂದೇ ಬಗೆಯ ಇಂಗಾಲವಾದರೂ ದಿಕ್ಕು ಬದಲಾದರೆ ಆವರ್ತನ ಬದಲಾಗುತ್ತದೆ. ಎಲ್ಲ ಸೇರಿ ಅಗಲವಾಗಿ ಹರಡಿಕೊಳ್ಳುತ್ತವೆ. ಇದಕ್ಕೆ ದಾರಿ ಸಿಕ್ಕಿದ್ದು 1958–59ರಲ್ಲಿ. ಬ್ರಿಟನ್ನಿನ ರೇಮಂಡ್ ಆಂಡ್ರ್ಯೂ ಮತ್ತು ಅಮೆರಿಕದ ಇರ್ವಿಂಗ್ ಲೋ, ಪುಡಿಯನ್ನು ಆಯಸ್ಕಾಂತದ ದಿಕ್ಕಿಗೆ 54.74 ಡಿಗ್ರಿ ಓರೆಯಾಗಿಟ್ಟು ಜೋರಾಗಿ ತಿರುಗಿಸಿದರು. ಆ ಕೋನದಲ್ಲಿ ತಿರುಗಿದರೆ ದಿಕ್ಕಿನಿಂದ ಬರುವ ವ್ಯತ್ಯಾಸ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ. ಈಗ ಸಾಮಾನ್ಯವಾಗಿ ಬಳಸುವ 4 ಮಿಲಿಮೀಟರ್ ದಪ್ಪದ ಜಿರ್ಕೋನಿಯಾ ಕೊಳವೆ, ಅಂದರೆ ರೋಟರ್, ಸೆಕೆಂಡಿಗೆ 14,000 ಸುತ್ತು ಸುತ್ತುತ್ತದೆ. ಲೆಕ್ಕ ಹಾಕಿ ನೋಡಿ, ಅದರ ಹೊರ ಅಂಚು ಗಂಟೆಗೆ 630 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. (ಈ ವಿದ್ಯೆಗೆ ನಾವು ಹೊರಗಿನವರೇನಲ್ಲ. 1951ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದ ಎನ್‌ಎಂಆರ್ ಬಗ್ಗೆ ಪ್ರಕಟಿಸಿದ್ದರು. ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರು ಇನ್ನೂ ಹೆಚ್ಚು ಗೊತ್ತಿರಬೇಕು ಎಂಬುದು ನನ್ನ ಆಸೆ.)

ಈಗ ನಿಮ್ಮ ಪ್ರಶ್ನೆಯ ಮೂಲಕ್ಕೆ ಬರೋಣ. ನಿಮ್ಮ ವರದಿಯಲ್ಲಿ 'ಸಿಪಿ ಮ್ಯಾಸ್' ಎಂದಿದೆ. ಮ್ಯಾಸ್ ಅಂದರೆ ಮೇಲೆ ಹೇಳಿದ ತಿರುಗಾಟ. ಸಿಪಿ ಅಂದರೆ ಕ್ರಾಸ್ ಪೋಲರೈಸೇಶನ್. 1970ರ ದಶಕದ ಆರಂಭದಲ್ಲಿ ಪೈನ್ಸ್, ಗಿಬ್ಬಿ, ವಾ ಎಂಬ ಮೂವರು ಇದನ್ನು ರೂಢಿಗೆ ತಂದರು. 1976ರಲ್ಲಿ ಶೇಫರ್ ಮತ್ತು ಸ್ಟೆಯ್ಸ್ಕಲ್ ಇದನ್ನು ಮ್ಯಾಸ್ ಜೊತೆ ಸೇರಿಸಿದರು. ಉಪಾಯ ಸರಳ. ಹೈಡ್ರೋಜನ್ ನ್ಯೂಕ್ಲಿಯಸ್‌ಗೆ ಆಯಸ್ಕಾಂತದ ಪ್ರಭಾವ ಇಂಗಾಲಕ್ಕಿಂತ ನಾಲ್ಕು ಪಟ್ಟು. ಆ ಬಲವನ್ನು ಹೈಡ್ರೋಜನ್‌ನಿಂದ ಪಕ್ಕದ ಇಂಗಾಲಕ್ಕೆ ದಾಟಿಸುತ್ತಾರೆ. ಸಿಗ್ನಲ್ ನಾಲ್ಕು ಪಟ್ಟಿನವರೆಗೆ ಹೆಚ್ಚುತ್ತದೆ. ಇನ್ನೊಂದು ಲಾಭವೂ ಇದೆ. ಪ್ರತಿ ಸಲ ಇಂಗಾಲ ಸುಧಾರಿಸಿಕೊಳ್ಳುವವರೆಗೆ ಕಾಯಬೇಕಿಲ್ಲ, ಹೈಡ್ರೋಜನ್ ಸುಧಾರಿಸಿಕೊಂಡರೆ ಸಾಕು. ಅದಕ್ಕೆ ಒಂದೆರಡು ಸೆಕೆಂಡ್ ಸಾಕಾಗುತ್ತದೆ.

ಇದರ ತೊಡಕು ದೂರದ್ದು. ಹೈಡ್ರೋಜನ್ ಮತ್ತು ಇಂಗಾಲದ ನಡುವಿನ ಕಾಂತೀಯ ಎಳೆತ ದೂರದ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ದೂರ ಎರಡು ಪಟ್ಟಾದರೆ ಎಳೆತ ಎಂಟನೇ ಒಂದು ಪಾಲು. ಫೆಬ್ರವರಿ–ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಹಾಗೆ. ಜೆಟ್ ಮುಟ್ಟಿದ ಗಿಡ ನೆನೆಯುತ್ತದೆ, ಮುಟ್ಟದ ಗಿಡ ಒಣಗಿಯೇ ಇರುತ್ತದೆ. ನೆನೆದ ಗಿಡಗಳನ್ನಷ್ಟೇ ಎಣಿಸಿ ತೋಟದಲ್ಲಿ ಇಷ್ಟೇ ಗಿಡ ಇವೆ ಎಂದರೆ ತಪ್ಪಾಗುತ್ತದೆ. ಸಿಪಿ ಎಣಿಸುವುದು ಹೈಡ್ರೋಜನ್ ಹತ್ತಿರ ಇರುವ ಇಂಗಾಲವನ್ನು ಮಾತ್ರ.

ಮರವನ್ನು ಸುಟ್ಟಾಗ ಆಗುವುದೇನು? ಹೈಡ್ರೋಜನ್ ಹೊರಟುಹೋಗುತ್ತದೆ. ಆಕ್ಸಿಜನ್ ಕೂಡ ಹೋಗುತ್ತದೆ. ಉಳಿದ ಇಂಗಾಲ ಆರು ಮೂಲೆಯ ಬಳೆಗಳಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೆಂಜೀನ್‌ನಲ್ಲಿ ಆರು ಇಂಗಾಲಕ್ಕೆ ಆರು ಹೈಡ್ರೋಜನ್. ಎರಡು ಬಳೆ ಸೇರಿದ ನ್ಯಾಫ್ತಲೀನ್‌ನಲ್ಲಿ, ಅಂದರೆ ನುಸಿ ಗುಳಿಗೆಯಲ್ಲಿ, ಹತ್ತು ಇಂಗಾಲಕ್ಕೆ ಎಂಟು. ಏಳು ಬಳೆಗಳ ಕೊರೊನೀನ್‌ನಲ್ಲಿ 24 ಇಂಗಾಲಕ್ಕೆ 12. ಅದರ ಸುತ್ತ ಇನ್ನೊಂದು ಸುತ್ತು ಬಳೆ ಸೇರಿಸಿದರೆ 54 ಇಂಗಾಲಕ್ಕೆ ಬರೀ 18. ಹೈಡ್ರೋಜನ್ ಇರುವುದು ಅಂಚಿನಲ್ಲಿ ಮಾತ್ರ. ಬಳೆಗಳು ಸೇರಿ ಆದ ಈ ಹಾಳೆ ದೊಡ್ಡದಾದಷ್ಟೂ ಒಳಗಿನ ಇಂಗಾಲ ಹೈಡ್ರೋಜನ್‌ನಿಂದ ದೂರವಾಗುತ್ತದೆ. ನಿಮ್ಮ 'ಬಿ'ಯಲ್ಲಿ ಆಗಿರುವುದು ಇದೇ. ಚೆನ್ನಾಗಿ ಸುಟ್ಟದ್ದಕ್ಕೇ ಸಿಪಿಯಲ್ಲಿ ಅದು ಮಂಕಾಗಿದೆ. ಚೆನ್ನಾಗಿ ಸುಟ್ಟ ಇದ್ದಿಲಿನಲ್ಲಿ ಸಿಪಿಗೆ ಅರ್ಧಕ್ಕಿಂತ ಕಡಿಮೆ ಇಂಗಾಲ ಕಾಣುವುದು ಅಪರೂಪವೇನಲ್ಲ.

ಇನ್ನೂ ಎರಡು ಕಾರಣ ಸೇರಿಕೊಳ್ಳುತ್ತವೆ. ಇದ್ದಿಲಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು ಇರುತ್ತವೆ. ಅವುಗಳ ಹತ್ತಿರದ ಇಂಗಾಲದ ಸಿಗ್ನಲ್ ಹರಡಿ ಮಾಯವಾಗುತ್ತದೆ, ಹೈಡ್ರೋಜನ್‌ನ ಬಲವೂ ದಾಟುವ ಮೊದಲೇ ಸೋರಿಹೋಗುತ್ತದೆ. ಎರಡನೆಯದು, ಜಾಸ್ತಿ ಬಿಸಿಯಲ್ಲಿ ಸುಟ್ಟ ಇದ್ದಿಲು ವಿದ್ಯುತ್ತನ್ನು ಹಾಯಿಸುತ್ತದೆ. ಅಂಥ ಪುಡಿ ಆಯಸ್ಕಾಂತದೊಳಗೆ ತಿರುಗಿದರೆ ಅದರಲ್ಲೇ ಸುಳಿ ಕರೆಂಟ್ ಹುಟ್ಟಿ ಬಿಸಿಯಾಗುತ್ತದೆ, ತಿರುಗುವಿಕೆಗೂ ತಡೆಯಾಗುತ್ತದೆ. ಯಂತ್ರದ ಟ್ಯೂನಿಂಗ್ ಕೂಡ ಕೆಡುತ್ತದೆ. ಇಂಥ ಮಾದರಿಗೆ ಒಣ ಸಿಲಿಕಾ ಪುಡಿ ಬೆರೆಸಿ ತೆಳುವು ಮಾಡಿಕೊಳ್ಳುವುದು ವಾಡಿಕೆ.

ಇನ್ನು ಆ 78 ಮತ್ತು 178ರ ಗುಡ್ಡೆಗಳು. ನೀವು ಕಳಿಸಿದ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ತಿರುಗುವ ವೇಗ 5 ಕಿಲೋಹರ್ಟ್ಜ್ (ಸೆಕೆಂಡಿಗೆ 5,000 ಸುತ್ತು) ಎಂದಿದೆ. 400ರ ಯಂತ್ರದಲ್ಲಿ ಕಾರ್ಬನ್-13ರ ಆವರ್ತನ ಸುಮಾರು 100 ಮೆಗಾಹರ್ಟ್ಜ್. ಪಿಪಿಎಂ ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಹಾಗಾಗಿ ಒಂದು ಪಿಪಿಎಂ ಸುಮಾರು 100 ಹರ್ಟ್ಜ್, 5 ಕಿಲೋಹರ್ಟ್ಜ್ ಅಂದರೆ 50 ಪಿಪಿಎಂ. ಈಗ 128ರಿಂದ 50 ಕಳೆಯಿರಿ, 78. ಕೂಡಿ, 178. ಎರಡೂ ಸರಿಯಾಗಿ ಕೂತವು. ಇವು ಸ್ಪಿನ್ನಿಂಗ್ ಸೈಡ್‌ಬ್ಯಾಂಡ್‌ಗಳು. ರೋಟರ್ ನಿಧಾನವಾಗಿ ತಿರುಗಿದಾಗ ದೊಡ್ಡ ಪೀಕಿನ ನೆರಳು ಅದರ ಎರಡೂ ಕಡೆ, ತಿರುಗುವ ವೇಗದಷ್ಟೇ ದೂರದಲ್ಲಿ ಬೀಳುತ್ತದೆ. ಬಳೆಯ ಇಂಗಾಲದಲ್ಲಿ ದಿಕ್ಕಿನ ವ್ಯತ್ಯಾಸ ತುಂಬ ದೊಡ್ಡದು, ಹಾಗಾಗಿ ನೆರಳೂ ಜೋರು.

ಇನ್ನೊಂದು ಸುಳಿವೂ ಇದೆ. ನಿಜವಾದ ಸೆಲ್ಯುಲೋಸ್ ಒಂಟಿಯಾಗಿ ಬರುವುದಿಲ್ಲ. 72–75ರಲ್ಲಿ ದೊಡ್ಡ ಪೀಕ್, 105ರಲ್ಲಿ ಇನ್ನೊಂದು, 62–65ರ ಹತ್ತಿರ ಮತ್ತೊಂದು, ಹೀಗೆ ಗುಂಪಾಗಿ ಬರುತ್ತದೆ. ನಿಮ್ಮ 'ಎ' ನೋಡಿ, 72 ಮತ್ತು 105 ಎರಡೂ ಇವೆ. 56ರಲ್ಲಿ ಲಿಗ್ನಿನ್‌ನ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ಮೆಥಾಕ್ಸಿಲ್ ಗುಂಪು ಇದೆ, 148ರ ಹತ್ತಿರ ಆಕ್ಸಿಜನ್ ಅಂಟಿದ ಬಳೆಯ ಇಂಗಾಲವಿದೆ. ಅದು ಪೂರ್ತಿ ಇದ್ದಿಲಾಗದ ಮರ, ಸಂಶಯವಿಲ್ಲ. 'ಬಿ'ಯಲ್ಲಿ 105 ಎಲ್ಲೂ ಇಲ್ಲ. ಅನುಮಾನ ಇದ್ದರೆ ವೇಗವನ್ನು 6.5 ಕಿಲೋಹರ್ಟ್ಜ್‌ಗೆ ಏರಿಸಿ ಇನ್ನೊಮ್ಮೆ ತೆಗೆಯಲು ಹೇಳಿ. ನಿಜವಾದ ಪೀಕ್ ಇದ್ದಲ್ಲೇ ಇರುತ್ತದೆ. ನೆರಳು 63 ಮತ್ತು 193ಕ್ಕೆ ಜರುಗುತ್ತದೆ. 14 ಕಿಲೋಹರ್ಟ್ಜ್‌ನಲ್ಲಿ ತಿರುಗಿಸಿದರಂತೂ ನೆರಳು ನಮಗೆ ಬೇಕಾದ ಜಾಗದಿಂದಲೇ ಹೊರಗೆ ಹೋಗುತ್ತದೆ. ನಿಧಾನ ವೇಗದಲ್ಲೇ ನೆರಳನ್ನು ಅಳಿಸುವ ಒಂದು ಪಲ್ಸ್ ತಂತ್ರವೂ ಇದೆ. ಆದರೆ ಬಳೆಯ ಇಂಗಾಲದ ಅಳತೆಯನ್ನು ಅದು ಏರುಪೇರು ಮಾಡುತ್ತದೆ. ಇದ್ದಿಲಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ 'ಬಿ'ಗೆ ಏನು ಕೇಳಬೇಕು? ನೇರ ಪೋಲರೈಸೇಶನ್, ಪ್ರಯೋಗಾಲಯದವರು 'ಡಿಪಿ ಮ್ಯಾಸ್' ಎನ್ನುತ್ತಾರೆ. ಇದರಲ್ಲಿ ಹೈಡ್ರೋಜನ್‌ನ ನೆರವಿಲ್ಲ. ಇಂಗಾಲವನ್ನೇ ನೇರವಾಗಿ ಎಬ್ಬಿಸಿ ಅದರ ಸಿಗ್ನಲ್ ಕೇಳುತ್ತಾರೆ. ಅಂಚಿನದ್ದು, ಒಳಗಿನದ್ದು ಎಂಬ ಭೇದ ಇರುವುದಿಲ್ಲ. ಬೆಲೆ ಕೊಡಬೇಕಾದದ್ದು ಸಮಯದಲ್ಲಿ. ಒಂದು ಸಲ ಎಬ್ಬಿಸಿದ ಇಂಗಾಲ ಪೂರ್ತಿ ಮೊದಲಿನ ಸ್ಥಿತಿಗೆ ಬರುವವರೆಗೆ ಕಾಯಬೇಕು. ಇದ್ದಿಲಿಗೆ ಆ ಕಾಯುವಿಕೆ ಹತ್ತಾರು ಸೆಕೆಂಡ್ ಆಗಬಹುದು. ಒಂದು ನಿಮಿಷ ಬಿಟ್ಟು ಒಂದರಂತೆ ಸಾವಿರ ಸ್ಕ್ಯಾನ್ ಅಂದರೆ ಹದಿನಾರು ಗಂಟೆ ಮೇಲಾಯಿತು. ಸಿಪಿಯಲ್ಲಿ ಎರಡು ಸಾವಿರ ಸ್ಕ್ಯಾನ್ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಯಂತ್ರಕ್ಕೆ ಗಂಟೆಗೆ ಇಷ್ಟು ಎಂದು ದುಡ್ಡು ಕಟ್ಟುವಾಗ ಸಿಪಿ ಯಾಕೆ ಎಲ್ಲ ಕಡೆ ನಡೆಯುತ್ತದೆ ಎಂದು ಅರ್ಥವಾಗುತ್ತದೆ. ಆದರೆ ಅಳತೆ ಬೇಕಿದ್ದರೆ ಡಿಪಿಗೆ ಬದಲಿ ಇಲ್ಲ.

ಡಿಪಿ ಮಾಡಿಸುವಾಗ ಖಾಲಿ ರೋಟರ್‌ನ ಸ್ಪೆಕ್ಟ್ರಮ್ ಕೂಡ ಕೇಳಿ. ಯಂತ್ರದೊಳಗಿನ ಟೆಫ್ಲಾನ್‌ನಂಥ ಪ್ಲಾಸ್ಟಿಕ್‌ನಲ್ಲಿ ಇಂಗಾಲವಿದೆ, ಹೈಡ್ರೋಜನ್ ಇಲ್ಲ. ಸಿಪಿಯಲ್ಲಿ ಅದು ಕಾಣಿಸದು. ಡಿಪಿಯಲ್ಲಿ ಸುಮಾರು 110 ಪಿಪಿಎಂ ಸುತ್ತ ಅಗಲವಾಗಿ ಎದ್ದು ನಿಮ್ಮ ಇದ್ದಿಲಿನ ಗುಡ್ಡೆಗೆ ಸೇರಿಕೊಳ್ಳುತ್ತದೆ. ಅದನ್ನು ಕಳೆಯಬೇಕು. ಜೊತೆಗೆ ತೂಕ ಗೊತ್ತಿರುವ ಗ್ಲೈಸಿನ್ ಪುಡಿಯನ್ನೂ ಅದೇ ರೀತಿ ಅಳೆಸಿ. ಗ್ಲೈಸಿನ್‌ನಲ್ಲಿ ಇಂಗಾಲ ಶೇ 32. ಅದರ ಸಿಗ್ನಲ್ ಜೊತೆ ಹೋಲಿಸಿದರೆ ನಿಮ್ಮ ಮಾದರಿಯ ಇಂಗಾಲದಲ್ಲಿ ಎಷ್ಟು ಪಾಲು ನಿಜವಾಗಿ ಕಂಡಿದೆ ಎಂದು ಗೊತ್ತಾಗುತ್ತದೆ. ಇದಕ್ಕೆ ಸ್ಪಿನ್ ಕೌಂಟಿಂಗ್ ಎನ್ನುತ್ತಾರೆ. ಈ ಅಂಕಿ ಇಲ್ಲದೆ 'ಆರೊಮ್ಯಾಟಿಕ್ ಇಂಗಾಲ (ಅಂದರೆ ಬಳೆಯ ಇಂಗಾಲ) ಇಷ್ಟು ಶೇಕಡ' ಎಂದು ಬರೆದರೆ ನಾನು ಆ ಅಂಕಿಯನ್ನು ಒಪ್ಪುವುದಿಲ್ಲ.

ಡಿಪಿಯಲ್ಲಿ 168–169ರ ಹತ್ತಿರ ಒಂದು ಚೂಪು ಪೀಕ್ ಬಂದು, ಸಿಪಿಯಲ್ಲಿ ಅದು ಇಲ್ಲದಿದ್ದರೆ ಅದನ್ನು ಕಾರ್ಬಾಕ್ಸಿಲ್ ಎಂದು ಬರೆದುಕೊಳ್ಳಬೇಡಿ. ಅದು ಹೆಚ್ಚಾಗಿ ಬೂದಿಯ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಅಂಶ. ಪುಡಿಯ ಮೇಲೆ ಎರಡು ಹನಿ ತೆಳು ಆಸಿಡ್ ಬಿಟ್ಟು ನೋಡಿ, ಬುರುಗು ಬಂದರೆ ಖಚಿತ. ತೋಟಕ್ಕೆ ಇದು ಒಳ್ಳೆಯದೇ, ನಮ್ಮ ಹುಳಿ ಮಣ್ಣಿಗೆ ಸುಣ್ಣ ಹಾಕಿದಂತೆ ಕೆಲಸ ಮಾಡುತ್ತದೆ. ಆದರೆ ಇದ್ದಿಲಿನ ಇಂಗಾಲದ ಲೆಕ್ಕದಲ್ಲಿ ಅದನ್ನು ಸೇರಿಸಬಾರದು.

ಮಾದರಿ ತಯಾರಿ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳಲೇಬೇಕು, ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ನಿಮ್ಮದು ಹಳೆ ಡ್ರಮ್. ಸುಡುವಾಗ ತುಕ್ಕಿನ ಚಕ್ಕೆಗಳು ಉದುರಿ ಇದ್ದಿಲಿನಲ್ಲಿ ಸೇರುತ್ತವೆ. ಕಬ್ಬಿಣ ಎನ್‌ಎಂಆರ್‌ಗೆ ದೊಡ್ಡ ಶತ್ರು, ಚೂರು ಇದ್ದರೂ ಸಿಗ್ನಲ್ ಹರಡಿಹೋಗುತ್ತದೆ. ಪುಡಿಯನ್ನು ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ. ಒಂದು ಬಲವಾದ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಮೇಲೆ ನಿಧಾನವಾಗಿ ಆಡಿಸಿ. ಚೀಲಕ್ಕೆ ಕಪ್ಪು ಗಡ್ಡದ ಹಾಗೆ ಅಂಟಿಕೊಂಡದ್ದನ್ನು ತೆಗೆದುಹಾಕಿ. ಏನೂ ಅಂಟದವರೆಗೆ ಮಾಡಿ. ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಬೇಡಿ, ಬ್ಲೇಡಿನ ಉಕ್ಕು ಸವೆದು ಸೇರುತ್ತದೆ. ಕಾಲೇಜಿನಲ್ಲಿ ಅಗೇಟ್ ಕುಟ್ಟಾಣಿ ಇದ್ದರೆ ಅದರಲ್ಲಿ ನುಣ್ಣಗೆ ಅರೆಯಿರಿ. ಹೊಟ್ಟನ್ನು ಮಣ್ಣಿನ ಕಣದಲ್ಲಿ ಒಣಗಿಸಿದ್ದರೆ ಅದಕ್ಕೆ ಕೆಂಪು ಮಣ್ಣು ಮೆತ್ತಿರುತ್ತದೆ. ಆ ಕೆಂಪು ಕೂಡ ಕಬ್ಬಿಣವೇ. ಸುಡುವ ಮುಂಚೆ ಜಾಲಿಸಿ ತೊಳೆಯಿರಿ. ಕೊನೆಗೆ 105 ಡಿಗ್ರಿಯಲ್ಲಿ ಒಣಗಿಸಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. ಜೂನ್‌ನಿಂದ ಆಗಸ್ಟ್‌ವರೆಗಿನ ನಮ್ಮ ಮಳೆಯಲ್ಲಿ ಇದ್ದಿಲು ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ನೀರು ಸೇರಿದರೆ ತೂಕದ ಲೆಕ್ಕ ತಪ್ಪುತ್ತದೆ, ಹೈಡ್ರೋಜನ್ ಲೆಕ್ಕವೂ ತಪ್ಪುತ್ತದೆ.

ಹೈಡ್ರೋಜನ್ ಎಂದಾಗ ನೆನಪಾಯಿತು. ಎನ್‌ಎಂಆರ್‌ಗೆ ಮತ್ತೆ ದುಡ್ಡು ಹಾಕುವ ಮೊದಲು ಸಿಎಚ್‌ಎನ್ ಪರೀಕ್ಷೆ, ಅಂದರೆ ಇಂಗಾಲ, ಹೈಡ್ರೋಜನ್, ನೈಟ್ರೋಜನ್‌ಗಳ ಪಾಲು ಅಳೆಯುವ ಪರೀಕ್ಷೆ, ಮಾಡಿಸಿ. ಅದು ಅಗ್ಗ. 'ಬಿ'ಯಲ್ಲಿ ಇಂಗಾಲ ಕಡಿಮೆಯಾ ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದರಲ್ಲೇ ಸಿಗುತ್ತದೆ. ಅದರಿಂದ ಹೈಡ್ರೋಜನ್ ಮತ್ತು ಇಂಗಾಲದ ಮೋಲ್ ಅನುಪಾತ ತೆಗೆಯಿರಿ. ಉದಾಹರಣೆಗೆ ಇಂಗಾಲ ಶೇ 80, ಹೈಡ್ರೋಜನ್ ಶೇ 2 ಬಂತು ಅಂದುಕೊಳ್ಳಿ. 80ನ್ನು 12ರಿಂದ ಭಾಗಿಸಿದರೆ 6.67. ಎರಡನ್ನು ಅದರಿಂದ ಭಾಗಿಸಿದರೆ 0.3. ಬಯೋಚಾರ್ ಎನಿಸಿಕೊಳ್ಳಲು ಈ ಅನುಪಾತ 0.7ಕ್ಕಿಂತ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಮಾನದಂಡಗಳು ಹೇಳುತ್ತವೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾವಯವ ಇಂಗಾಲವನ್ನು ಮಾತ್ರ, ಕಾರ್ಬೊನೇಟ್ ಕಳೆದ ಮೇಲೆ. ಈ ಅನುಪಾತ 0.4ಕ್ಕಿಂತ ಕಡಿಮೆ ಬಂದರೆ ಸಿಪಿ ಮೇಲೆ ಭಾರ ಹಾಕಬೇಡಿ, ಸೀದಾ ಡಿಪಿ ಕೇಳಿ.

ಮಣ್ಣಿನಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಈಗ ಸುಲಭ. 'ಎ'ಯಲ್ಲಿರುವ ಸೆಲ್ಯುಲೋಸ್ ಭಾಗವನ್ನು ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ. 'ಬಿ'ಯ ಅಂಟಿಕೊಂಡ ಬಳೆಗಳನ್ನು ಒಡೆಯುವುದು ಅವಕ್ಕೆ ಕಷ್ಟ. ಅಮೆಜಾನ್ ಕಾಡಿನ ಪ್ರಸಿದ್ಧ ಕಪ್ಪು ಮಣ್ಣಿನಲ್ಲಿ ಹಳೆಯ ಜನ ಬಿಟ್ಟುಹೋದ ಇದ್ದಿಲು ನೂರಾರು ವರ್ಷಗಳಾದರೂ ಉಳಿದಿದೆ. ಅದರಲ್ಲೂ ಎನ್‌ಎಂಆರ್‌ಗೆ ಕಂಡದ್ದು ಇಂಥ ಅಂಟಿದ ಬಳೆಗಳೇ. ಆದರೆ 128ರಲ್ಲಿ ಗುಡ್ಡೆ ಇದೆ ಎಂದ ಮಾತ್ರಕ್ಕೆ ಬಳೆಗಳು ಎಷ್ಟು ಅಂಟಿಕೊಂಡಿವೆ ಎಂದು ತಿಳಿಯದು. ನ್ಯಾಫ್ತಲೀನ್ ಕೂಡ ಅಲ್ಲೇ ಬರುತ್ತದೆ. ಅದಕ್ಕೆ ಡೈಪೋಲಾರ್ ಡಿಫೇಸಿಂಗ್ ಎಂಬ ಪ್ರಯೋಗ ಬೇಕು. ಹೈಡ್ರೋಜನ್ ನೇರವಾಗಿ ಅಂಟಿದ ಇಂಗಾಲದ ಸಿಗ್ನಲ್ ಹತ್ತಾರು ಮೈಕ್ರೋಸೆಕೆಂಡ್‌ಗಳಲ್ಲೇ ಸತ್ತುಹೋಗುವಂತೆ ಮಾಡುತ್ತಾರೆ, ಒಳಗಿನ ಇಂಗಾಲ ಉಳಿಯುತ್ತದೆ. ಉಳಿದದ್ದು ಎಷ್ಟು ಪಾಲು ಎಂಬುದರಿಂದ ಹಾಳೆ ಎಷ್ಟು ದೊಡ್ಡದು ಎಂದು ಅಂದಾಜು ಮಾಡಬಹುದು. ಮೇಲೆ ಹೇಳಿದ ಆರಕ್ಕೆ ಆರು, 24ಕ್ಕೆ 12ರ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬರುವುದು. ಇದನ್ನೂ ಡಿಪಿ ಜೊತೆಗೇ ಮಾಡಿಸಬೇಕು.

ಇದ್ದಿಲಿನ ಇಂಗಾಲವೇ ಸರಿಯಾಗಿ ಕಾಣದಾಗ ಅದರೊಳಗೆ ಬೇರೆ ಅಣುವನ್ನು ಸೇರಿಸಿ ಅದರ ಸಿಗ್ನಲ್ ನೋಡುವ ದಾರಿಯೂ ಇದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು. ಕಾರ್ಬನ್-13 ತುಂಬಿಸಿದ ಬೆಂಜೀನನ್ನು ಇದ್ದಿಲಿಗೆ ಹೀರಿಸುತ್ತಾರೆ. ದೊಡ್ಡ ಹಾಳೆಗಳ ಮೇಲೆ ಎಲೆಕ್ಟ್ರಾನ್‌ಗಳು ಸುತ್ತುತ್ತಿರುತ್ತವೆ. ಹಾಳೆಗೆ ತಾಗಿ ಕೂತ ಬೆಂಜೀನ್‌ನ ಪೀಕ್ ಇದರಿಂದ ಕಡಿಮೆ ಪಿಪಿಎಂ ಕಡೆಗೆ ಸರಿಯುತ್ತದೆ. ಸರಿದಷ್ಟೂ ಬಳೆಗಳು ಹೆಚ್ಚು ಅಂಟಿಕೊಂಡಿವೆ ಎಂದರ್ಥ. ಬ್ಯಾಟರಿಯವರೂ ಹೀಗೇ ಮಾಡುತ್ತಾರೆ. ಸೋಡಿಯಂ ಅಯಾನ್ ಬ್ಯಾಟರಿಗೆ ಬಳಸುವ ಹಾರ್ಡ್ ಕಾರ್ಬನ್ನನ್ನು ಸಸ್ಯದ ತ್ಯಾಜ್ಯದಿಂದಲೂ ಮಾಡಬಹುದು. ಅಲ್ಲಿ ಇಂಗಾಲದ ಬದಲು ಸೋಡಿಯಂ-23 ನೋಡುತ್ತಾರೆ. ಪ್ರಕೃತಿಯ ಸೋಡಿಯಂ ಪೂರ್ತಿ ಅದೇ ಆದ್ದರಿಂದ ಸಿಗ್ನಲ್‌ಗೆ ಬರವಿಲ್ಲ. ಎಂಎಸ್ಸಿ ಮುಗಿದ ಮೇಲೆ ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಈ ಕಡೆ ಕಣ್ಣಿಡಿ.

ಯಂತ್ರಕ್ಕಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನಾ ಕೇಂದ್ರವಿದೆ. ಎಲ್ಲಿಗೇ ಕಳಿಸಿದರೂ 'ಕಾರ್ಬನ್-13 ಎನ್‌ಎಂಆರ್' ಎಂದಷ್ಟೇ ಬರೆದು ಸುಮ್ನೆ ಕಳಿಸಬೇಡಿ. ಡಿಪಿ ಬೇಕು, ವೇಗ 12 ಕಿಲೋಹರ್ಟ್ಜ್‌ಗಿಂತ ಮೇಲಿರಲಿ, ಖಾಲಿ ರೋಟರ್ ಕಳೆಯಿರಿ, ಕಾಯುವ ಸಮಯ ಎಷ್ಟಿಟ್ಟಿರಿ ಎಂದು ವರದಿಯಲ್ಲಿ ಬರೆಯಿರಿ ಎಂದು ಸ್ಪಷ್ಟವಾಗಿ ಕೇಳಿ. ಮಾದರಿ ವಿದ್ಯುತ್ ಹಾಯಿಸುತ್ತದೆ ಎಂಬ ಅನುಮಾನವನ್ನೂ ಮೊದಲೇ ತಿಳಿಸಿ. ಪುಡಿಯನ್ನು ಒತ್ತಿ, ಮಲ್ಟಿಮೀಟರ್‌ನ ಎರಡು ಕಡ್ಡಿ ಊರಿದರೆ ನಿಮಗೇ ಗೊತ್ತಾಗುತ್ತದೆ.

ತೋಟಕ್ಕೆ ಹಾಕಿ ಒಂದೆರಡು ವರ್ಷ ಬಿಟ್ಟು ಮಣ್ಣಿನಿಂದ ಇದ್ದಿಲನ್ನು ತೆಗೆದು ನೋಡಬೇಕು ಎಂದೂ ಬರೆದಿದ್ದೀರಿ. ಒಳ್ಳೆ ಯೋಚನೆ. ಆದರೆ ಕೊಡಗಿನ ಕೆಂಪು ಮಣ್ಣಿನ ಕಬ್ಬಿಣ ಅಲ್ಲಿ ಅಡ್ಡ ಬರುತ್ತದೆ. ಅದನ್ನು ತೆಗೆಯಲು ತೆಳು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಆ ಆಸಿಡ್ ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುತ್ತದೆ. ಅದಕ್ಕೆ ತಕ್ಕ ವ್ಯವಸ್ಥೆ ಇರುವ ಪ್ರಯೋಗಾಲಯದವರಿಂದಲೇ ಮಾಡಿಸಿ, ಕಾಲೇಜಿನಲ್ಲಿ ನೀವೇ ಪ್ರಯತ್ನಿಸಬೇಡಿ. ಸದ್ಯಕ್ಕೆ ಇಂದಿನ 'ಬಿ' ಪುಡಿಯನ್ನು ಒಂದು ಹತ್ತು ಗ್ರಾಂ ಒಣಗಿಸಿ, ಬಾಟಲಿಗೆ ಹಾಕಿ, ಸುಟ್ಟ ತಾರೀಕು ಬರೆದು ಎತ್ತಿಡಿ. ಆಗ ಹೋಲಿಸಲು ಅದು ಬೇಕಾಗುತ್ತದೆ.